ಹರೆಯ ಬೇಗ ಬಂದರೆ, ತಡವಾದರೆ

ಆರನೇ ತರಗತಿಯ ಪ್ರಾರ್ಥನೆಯ ಸಾಲನ್ನು ಒಮ್ಮೆ ಗಮನಿಸಿ. ಎಲ್ಲರಿಗೂ ಹನ್ನೊಂದೋ ಹನ್ನೆರಡೋ ವಯಸ್ಸು. ಒಬ್ಬಳು ಆಗಲೇ ಹೈಸ್ಕೂಲು ಹುಡುಗಿಯಂತೆ ಕಾಣುತ್ತಾಳೆ. ಭುಜ ಬಗ್ಗಿಸಿ, ಪುಸ್ತಕಗಳನ್ನು ಎದೆಗೆ ಅವಚಿಕೊಂಡು ನಿಂತಿರುತ್ತಾಳೆ. ಪಕ್ಕದವಳು ಇನ್ನೂ ಪುಟ್ಟ ಮಗು. ಇಬ್ಬರೂ ಆರೋಗ್ಯವಂತರೇ. ಆದರೆ ಈ ವ್ಯತ್ಯಾಸ ಮನಸ್ಸಿಗೂ ತಟ್ಟುತ್ತದೆ. ಅದನ್ನು ತಂದೆತಾಯಂದಿರೂ ಹೊಸ ಶಿಕ್ಷಕರೂ ತಿಳಿದಿರಬೇಕು.

ಮೊದಲು ದೇಹದ ವಿಷಯ. ಮಿದುಳಿನ ಹೈಪೋಥಲಾಮಸ್ ಸಂಕೇತ ಕೊಟ್ಟಾಗ ಪಿಟ್ಯುಟರಿ ಗ್ರಂಥಿ ಚುರುಕಾಗಿ, ಹುಡುಗಿಯರಲ್ಲಿ ಅಂಡಾಶಯವನ್ನೂ ಹುಡುಗರಲ್ಲಿ ವೃಷಣವನ್ನೂ ಕೆಲಸಕ್ಕೆ ಹಚ್ಚುತ್ತದೆ. ಹುಡುಗಿಯರಲ್ಲಿ ಇದು ಸಾಮಾನ್ಯವಾಗಿ 8ರಿಂದ 13 ವರ್ಷದೊಳಗೆ, ಹುಡುಗರಲ್ಲಿ 9ರಿಂದ 14ರೊಳಗೆ ಶುರುವಾಗುತ್ತದೆ. ಮುಟ್ಟು ಮೊದಲ ಗುರುತಲ್ಲ. ಎದೆಯ ಬೆಳವಣಿಗೆ ಆರಂಭವಾಗಿ ಎರಡು, ಎರಡೂವರೆ ವರ್ಷದ ಮೇಲೆ ಬರುವಂಥದ್ದು. ವಂಶವಾಹಿ, ಪೋಷಣೆ, ಮೈತೂಕ ಇವೆಲ್ಲ ಸೇರಿ ಆ ಹೊತ್ತನ್ನು ನಿರ್ಧರಿಸುತ್ತವೆ. ಹೇಳಿದ ವಯಸ್ಸಿಗಿಂತ ಮೊದಲೇ ಲಕ್ಷಣ ಕಂಡರೆ, ಅಥವಾ ಆ ವಯಸ್ಸು ದಾಟಿದರೂ ಏನೂ ಕಾಣದಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಇನ್ನು ಮನಸ್ಸು. ಬಾಲ್ಯದಲ್ಲಿ ಖಿನ್ನತೆ ಹುಡುಗ, ಹುಡುಗಿಯರಲ್ಲಿ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿರುತ್ತದೆ. ಹರೆಯದ ಕೊನೆಗೆ ಹುಡುಗಿಯರಲ್ಲಿ ಅದು ಸುಮಾರು ಇಮ್ಮಡಿಯಾಗಿರುತ್ತದೆ. ಅದರಲ್ಲೂ ಓರಗೆಯವರಿಗಿಂತ ಬೇಗ ಮೈನೆರೆದವರಲ್ಲಿ ಖಿನ್ನತೆ, ಆತಂಕ, ಊಟ ಬಿಡುವಂಥ ತೊಂದರೆಗಳು ಹೆಚ್ಚು ಎಂದು ಹಲವು ದೇಶಗಳ ಅಧ್ಯಯನಗಳು ಕಂಡುಕೊಂಡಿವೆ. ಹುಡುಗರ ಲೆಕ್ಕ ಇಷ್ಟು ನೇರವಲ್ಲ. ಬೇಗ ಬೆಳೆದವನಿಗೆ ಆಟದಲ್ಲಿ, ಗೆಳೆಯರಲ್ಲಿ ಮನ್ನಣೆ ಸಿಗಬಹುದು. ಜೊತೆಗೆ ದುಡುಕು, ದುಶ್ಚಟಗಳ ಸೆಳೆತವೂ ಬರಬಹುದು. ಒಂಬತ್ತನೇ ತರಗತಿಗೆ ಬಂದರೂ ಧ್ವನಿ ಒಡೆಯದವನು ಗೇಲಿಗೆ ಹೆದರಿ ಆಟದ ಪೀರಿಯಡ್ಡನ್ನೇ ತಪ್ಪಿಸುತ್ತಾನೆ.

ಕಾರಣ ಬರೀ ಹಾರ್ಮೋನೇ? ನ್ಯೂಜಿಲೆಂಡಿನ ಡನೆಡಿನ್ ಊರಿನಲ್ಲಿ 1972–73ರಲ್ಲಿ ಹುಟ್ಟಿದ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಸಂಶೋಧಕರು ದಶಕಗಳಿಂದ ಗಮನಿಸುತ್ತಾ ಬಂದಿದ್ದಾರೆ. ಬೇಗ ಮೈನೆರೆದ ಹುಡುಗಿಯರು ದಾರಿ ತಪ್ಪುವ ಸಂಭವ ಹುಡುಗರೂ ಇದ್ದ ಶಾಲೆಗಳಲ್ಲಿ ಹೆಚ್ಚಿತ್ತು, ಹುಡುಗಿಯರ ಶಾಲೆಗಳಲ್ಲಿ ಅಷ್ಟಿರಲಿಲ್ಲ ಎಂದು ಅಲ್ಲಿ ಕಂಡುಬಂತು. ಮಕ್ಕಳನ್ನು ಬೇರೆ ಬೇರೆ ಶಾಲೆಗೆ ಹಾಕಿ ಎಂಬುದು ಇದರ ಪಾಠವಲ್ಲ. ಒಂದೇ ಬಗೆಯ ದೇಹ, ಸುತ್ತಲಿನವರು ಬೇರೆಯಾದಾಗ ಬೇರೆ ಫಲ ಕೊಟ್ಟಿತು ಎಂಬುದು ಮುಖ್ಯ. ಬೇಗ ಬೆಳೆದವಳನ್ನು ದೊಡ್ಡವರು ದಿಟ್ಟಿಸುತ್ತಾರೆ, ತನಗಿಂತ ಹಿರಿಯರ ಸಹವಾಸ ಬರುತ್ತದೆ, ಮನೆಯಲ್ಲಿ ಜವಾಬ್ದಾರಿ ಏರುತ್ತದೆ. ಅವೆಲ್ಲವನ್ನೂ ನಿಭಾಯಿಸುವ ವಿವೇಚನೆ ಹತ್ತು ಹನ್ನೊಂದರ ಮಿದುಳಿಗೆ ಇನ್ನೂ ಬಂದಿರುವುದಿಲ್ಲ.

ಹಾಗಾಗಿ ನಮ್ಮ ಕೈಯಲ್ಲಿ ಬಹಳಷ್ಟಿದೆ. ಮುಟ್ಟು ಎಂದರೇನೆಂದು ಅದು ಬರುವ ಮೊದಲೇ, ಎಂಟು ಒಂಬತ್ತರ ಹೊತ್ತಿಗೇ ಹೇಳಿ. ಗಂಡುಮಕ್ಕಳಿಗೂ ಹೇಳಿ. ಮೈಕಟ್ಟಿನ ಬಗ್ಗೆ ಯಾರೂ ಮಾತಾಡದಂತೆ ನೋಡಿಕೊಳ್ಳಿ, ನೆಂಟರೂ ಸೇರಿ. ದೊಡ್ಡವಳಾದಳೆಂದು ಆರತಿ ಮಾಡುವ ಮನೆಯವರು, ಅದು ಅವಳಿಗೆ ಇಷ್ಟವೇ ಎಂದು ಮೊದಲು ಕೇಳಿ. ಖೋ ಖೋ, ಸೈಕಲ್ಲು, ಗೆಳತಿಯರ ಮನೆ, ಯಾವುದನ್ನೂ ನಿಲ್ಲಿಸಬೇಡಿ.

ಎರಡು ವಾರಕ್ಕೂ ಮೀರಿ ಮಗು ಮಂಕಾಗಿದ್ದರೆ, ನಿದ್ದೆ, ಊಟ, ಗೆಳೆತನ ಬಿಟ್ಟರೆ ಸಹಾಯ ಪಡೆಯಿರಿ. ಸಾಯುವ ಮಾತಾಡಿದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್‌ಗಳಿವೆ.

ಬೇಗ ಮೈನೆರೆದ ಎಲ್ಲರೂ ಕುಗ್ಗುವುದಿಲ್ಲ. ಹೆಚ್ಚಿನವರು ಚೆನ್ನಾಗಿಯೇ ಬೆಳೆಯುತ್ತಾರೆ. ಮಗು ಎಷ್ಟು ದೊಡ್ಡದಾಗಿ ಕಂಡರೂ ಅದರ ವಯಸ್ಸಿಗೆ ತಕ್ಕಂತೆ ಮಾತಾಡಿಸಿ.