ನಕ್ಷತ್ರ ಬರೆದ ಮಾತ್ರಕ್ಕೆ ಯುದ್ಧದ ಜೀಪಾಗುವುದಿಲ್ಲ

ಅಳಿಯ, ನೀನು ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಎಲ್ಲದರಲ್ಲೂ ಬಾನೆಟ್ ಮೇಲಿನ ಬಿಳಿ ನಕ್ಷತ್ರ, ಪಕ್ಕಕ್ಕೆ ಬಿಗಿದ ಸಲಿಕೆ, ಕೊಡಲಿ, ಹಿಂದೆ ಜೆರ್ರಿ ಕ್ಯಾನು. ಗಾಡಿಯ ಅಡಿಗೆ ನುಗ್ಗಿ ತೆಗೆದ ಫೋಟೋ ಒಂದೂ ಇಲ್ಲ. ಮಾರುವವನು ಎಲ್ಲಿಗೆ ಕ್ಯಾಮೆರಾ ಹಿಡಿಯಲಿಲ್ಲ ಅನ್ನುವುದನ್ನು ಮೊದಲು ನೋಡಬೇಕು ಮಾರಾಯ. ‘1943ರ ವಿಲ್ಲಿಸ್, ಬರ್ಮಾ ಯುದ್ಧ ಕಂಡದ್ದು, ಪೂರ್ತಿ ರಿಸ್ಟೋರ್ ಆಗಿದೆ’ ಅಂತ ಬರೆದಿದ್ದಾನೆ. ಮೂರು ಮಾತೂ ನಿಜ ಇರಬಹುದು. ಆದರೆ ಒಂದೊಂದಕ್ಕೂ ಬೇರೆಬೇರೆ ಸಾಕ್ಷಿ ಬೇಕು.

ಬೇಡ ಅನ್ನಲು ನಾನು ಕೂತಿಲ್ಲ. ಕಾಫಿ ತೋಟದವರ ಜೀಪು ರಿಪೇರಿ ಮಾಡಿಯೇ ನನ್ನ ಸಂಸಾರ ನಡೆದದ್ದು. ಆ ಗಾಡಿಯ ಮೇಲೆ ನನಗಿರುವ ಪ್ರೀತಿ ನಿನ್ನ ಅತ್ತೆಗೆ ಗೊತ್ತು, ಇಷ್ಟವಂತೂ ಇಲ್ಲ.

ಮೊದಲು ವಸ್ತು ಏನು ಅಂತ ತಿಳಿದುಕೋ. 1940ರಲ್ಲಿ ಅಮೆರಿಕದ ಸೇನೆ 135 ಕಂಪನಿಗಳಿಗೆ ಬರೆದು, ಹಗುರಾದ, ನಾಲ್ಕೂ ಚಕ್ರ ಎಳೆಯುವ ಗಾಡಿ ಕೇಳಿತು. ಮೊದಲ ಮಾದರಿಗೆ ಕೊಟ್ಟ ಗಡುವು 49 ದಿನ. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಸಣ್ಣ ಕಂಪನಿ ಕಾರ್ಲ್ ಪ್ರೋಬ್ಸ್ಟ್ ಎಂಬ ಎಂಜಿನಿಯರನ್ನು ಕರೆತಂದು ಸೆಪ್ಟೆಂಬರ್ 23ಕ್ಕೆ ಗಾಡಿ ಒಪ್ಪಿಸಿಯೇಬಿಟ್ಟಿತು. ಆದರೂ ದೊಡ್ಡ ಆರ್ಡರು ಹೋದದ್ದು ವಿಲ್ಲಿಸ್ ಮತ್ತು ಫೋರ್ಡ್‌ಗೆ. ಹೆತ್ತವಳೊಬ್ಬಳು, ಹೆಸರು ಇನ್ನೊಬ್ಬಳಿಗೆ. 1945ರೊಳಗೆ ಈ ಎರಡು ಕಂಪನಿಗಳು ಸೇರಿ ಸುಮಾರು 6.4 ಲಕ್ಷ ಜೀಪು ಮಾಡಿದವು. ವಿಲ್ಲಿಸ್‌ನದು ಎಂಬಿ, ಫೋರ್ಡ್‌ನದು ಜಿಪಿಡಬ್ಲ್ಯೂ. ಒಂದರ ಭಾಗ ಇನ್ನೊಂದಕ್ಕೆ ಕೂರಲೇಬೇಕು ಅನ್ನುವುದು ಸೇನೆಯ ಷರತ್ತು.

ಆದ್ದರಿಂದ ‘ಎಲ್ಲ ನಟ್ಟು ಬೋಲ್ಟೂ ಒರಿಜಿನಲ್’ ಅನ್ನುವ ಜಂಬಕ್ಕೆ ಮರುಳಾಗಬೇಡ. ಯುದ್ಧಕಾಲದ ವರ್ಕ್‌ಶಾಪುಗಳಲ್ಲೇ ಎರಡು ಮುರಿದ ಜೀಪುಗಳಿಂದ ಒಂದು ಓಡುವ ಜೀಪು ಮಾಡುತ್ತಿದ್ದರು. ಫೋರ್ಡ್‌ನವರು ತಮ್ಮ ಬೋಲ್ಟುಗಳ ಮೇಲೂ ‘ಎಫ್’ ಅಕ್ಷರ ಒತ್ತುತ್ತಿದ್ದರು. ವಿಲ್ಲಿಸ್ ಚಾಸಿಯಲ್ಲಿ ಅಂಥ ನಾಲ್ಕು ಬೋಲ್ಟು ಸಿಕ್ಕರೆ ಅದು ಮೋಸವಲ್ಲ. ಮೋಸ ಇರುವುದು ಚಾಸಿಯಲ್ಲಿ. ಮುಂದಿನ ಬಂಪರ್ ಹಿಂದೆ, ರೇಡಿಯೇಟರ್ ಕೆಳಗೆ ಅಡ್ಡ ಹಾದ ತುಂಡನ್ನು ನೋಡು. ದುಂಡನೆಯ ಪೈಪಾಗಿದ್ದರೆ ವಿಲ್ಲಿಸ್, ಚೌಕ ಪೆಟ್ಟಿಗೆಯ ಹಾಗಿದ್ದರೆ ಫೋರ್ಡ್. ನಂಬರು ವಿಲ್ಲಿಸ್‌ನಲ್ಲಿ ಎಡಗಡೆ ಚಾಸಿಯ ಒಳಮೈಗೆ ರಿವಿಟ್ ಹೊಡೆದ ತಗಡಿನ ಮೇಲಿರುತ್ತದೆ. ಫೋರ್ಡ್‌ನಲ್ಲಿ ಎಡ ಚಾಸಿಯ ನೆತ್ತಿಯ ಮೇಲೇ ಪಂಚ್ ಆಗಿರುತ್ತದೆ. ಆರ್‌ಟಿಓದವರು ಮಾಡುವ ಹಾಗೆ ಪೆನ್ಸಿಲ್ ಪ್ರಿಂಟ್ ತೆಗೆದುಕೊಂಡು ಆರ್‌ಸಿಯ ಜೊತೆ ಅಂಕಿ ಅಂಕಿಯಾಗಿ ಹೋಲಿಸು. ಪಂಚ್ ಆದ ಜಾಗದ ಸುತ್ತ ಗ್ರೈಂಡರ್ ಗುರುತಿದ್ದರೆ ಟೀ ಕುಡಿದು ವಾಪಸ್ ಬಾ.

ನಮ್ಮಲ್ಲಿ ನಡೆಯುವ ದೊಡ್ಡ ಆಟ ಬೇರೆಯೇ ಇದೆ. ಯುದ್ಧ ಮುಗಿದ ಮೇಲೆ ಮಹೀಂದ್ರಾದವರು ಬಾಂಬೆಯಲ್ಲಿ ವಿಲ್ಲಿಸ್ ಜೀಪು ಜೋಡಿಸತೊಡಗಿದರಲ್ಲ, ಆಮೇಲೆ ಬಂದ ಸಿಜೆ-3ಬಿಗೆ ಹರಿಕೇನ್ ಎಂಬ ಎತ್ತರದ ಎಂಜಿನ್ನು. ಅದು ಹಿಡಿಸಲೆಂದೇ ಬಾನೆಟ್ ಎತ್ತಿದರು. ಅದೇ ನಮ್ಮ ಹೈ ಬಾನೆಟ್. ಯುದ್ಧದ ಜೀಪು ಲೋ ಬಾನೆಟ್. ಈಗ ಹೈ ಬಾನೆಟ್ಟನ್ನು ಕುಯ್ದು ತಗ್ಗಿಸಿ, ಏಳು ಸೀಳಿನ ಗ್ರಿಲ್ ಕಿತ್ತು ಒಂಬತ್ತು ಸೀಳಿನದು ಕೂರಿಸಿ, ನಕ್ಷತ್ರ ಬರೆದರೆ ಬರ್ಮಾದಿಂದ ಬಂದ ವೀರ ಸಿದ್ಧ! ಬಾನೆಟ್ ಎತ್ತಿದಾಗ ಡೀಸೆಲ್ ಎಂಜಿನ್ ಕಂಡರೆ ಮಾತೇ ಬೇಡ. ಯುದ್ಧದ ಜೀಪಿನ ಎಂಜಿನ್ನು ‘ಗೋ ಡೆವಿಲ್’: ನಾಲ್ಕು ಸಿಲಿಂಡರ್, 2.2 ಲೀಟರ್, 60 ಅಶ್ವಶಕ್ತಿ, ಪೆಟ್ರೋಲ್. ವಾಲ್ವುಗಳು ಹೆಡ್‌ನಲ್ಲಿರದೆ ಬ್ಲಾಕ್‌ನ ಪಕ್ಕದಲ್ಲಿರುತ್ತವೆ, ಹಾಗಾಗಿ ಹೆಡ್ ರೊಟ್ಟಿಯ ಹಾಗೆ ಚಪ್ಪಟೆ. ಇನ್ನೊಂದು ಸುಳಿವು: ಯುದ್ಧದ ಜೀಪಿನ ಹೆಡ್‌ಲೈಟುಗಳು ಗ್ರಿಲ್ಲಿನ ಒಳಗೆ ಕೂತಿರುತ್ತವೆ, ಒಂದು ನಟ್ಟು ಸಡಿಲಿಸಿ ಹಿಂದಕ್ಕೆ ಮಗುಚಿದರೆ ಎಂಜಿನ್ ಕಡೆಗೇ ಬೆಳಕು ಬೀಳುತ್ತದೆ. ರಾತ್ರಿ ರಿಪೇರಿಗೆ ಇಂಥ ಉಪಾಯ ಮಾಡಿದವನಿಗೆ ಯಾರಾದರೂ ಬಿರುದು ಕೊಡಬೇಕಿತ್ತು.

ಬಾಡಿ ಹೊಸದಾಗಿದ್ದರೆ ಬೇಜಾರು ಮಾಡಿಕೊಳ್ಳಬೇಡ. ಫಿಲಿಪೈನ್ಸ್‌ನಲ್ಲಿ ಈ ಜೀಪಿನ ಬಾಡಿಯನ್ನು ಹೊಸದಾಗಿಯೇ ಮಾಡಿ ಜಗತ್ತಿಗೆಲ್ಲ ಮಾರುತ್ತಾರೆ. ಹೊಸ ಬಾಡಿ ಅಂತ ಬಾಯಿಬಿಟ್ಟು ಹೇಳಿ ಮಾರಿದರೆ ತಪ್ಪಿಲ್ಲ. ಹಳೆಯದೆಂದರೆ ಅಯಸ್ಕಾಂತ ಹಿಡಿದು ಉದ್ದಕ್ಕೂ ಎಳೆ. ಜಾರಿದ ಕಡೆ ಒಳಗಿರುವುದು ಪುಟ್ಟಿ.

ಎಂಜಿನ್ ನೀನು ಹೋಗುವ ಮೊದಲೇ ಸ್ಟಾರ್ಟ್ ಮಾಡಿಡಬಾರದು ಅಂತ ಮುಂಚೆಯೇ ಹೇಳು. ತಣ್ಣಗಿದ್ದಾಗ ಹೇಗೆ ಏಳುತ್ತದೆ ಅನ್ನುವುದರಲ್ಲೇ ಅರ್ಧ ಕತೆ ಇದೆ. ಡಿಪ್‌ಸ್ಟಿಕ್‌ನಲ್ಲಿ ಎಣ್ಣೆ ಹಾಲು ಬೆರೆತ ಕಾಫಿಯ ಬಣ್ಣಕ್ಕಿದ್ದರೆ ನೀರು ಸೇರಿದೆ, ಬ್ಲಾಕ್ ಸೀಳಿರಬಹುದು. ಮುಂದಿನ ಚಕ್ರವನ್ನು ಜಾಕ್ ಮೇಲೆತ್ತಿ, ಮೇಲೆ ಒಂದು ಕೈ, ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸು. ಆಡಿದರೆ ಕಿಂಗ್‌ಪಿನ್ ಬೇರಿಂಗು ಸವೆದಿದೆ, ವೇಗದಲ್ಲಿ ಒಂದು ಗುಂಡಿಗೆ ಇಳಿದರೆ ಸ್ಟೇರಿಂಗ್ ಕೈಯಲ್ಲಿ ಕುಣಿಯುತ್ತದೆ. ಇಳಿಜಾರಿನಲ್ಲಿ ಎರಡನೇ ಗೇರ್‌ಗೆ ಹಾಕಿ ಆಕ್ಸಿಲೇಟರ್ ಬಿಡು, ಗೇರ್ ತಾನಾಗಿ ಕಳಚಿದರೆ ಗೇರ್‌ಬಾಕ್ಸ್ ಬಿಚ್ಚಿಸುವ ಖರ್ಚನ್ನು ಬೆಲೆಯಲ್ಲಿ ಕಳೆ. ಮೊದಲ ಗೇರ್‌ಗೆ ಸಿಂಕ್ರೋ ಇಲ್ಲ. ಗಾಡಿ ನಿಂತ ಮೇಲೆ ಹಾಕು, ಇಲ್ಲವೇ ಎರಡು ಸಲ ಕ್ಲಚ್ ತುಳಿಯುವುದನ್ನು ಕಲಿ. ಪೆಟ್ರೋಲ್ ಟ್ಯಾಂಕ್ ಡ್ರೈವರ್ ಸೀಟಿನ ಕೆಳಗೇ ಇದೆ. ಸೀಟು ಎತ್ತಿ, ಮುಚ್ಚಳ ತೆಗೆದು, ಟಾರ್ಚ್ ಬಿಟ್ಟು ತುಕ್ಕು ನೋಡು, ಬೀಡಿ ಸೇದುವವರನ್ನು ದೂರ ಕಳಿಸು. ಈಗಿನ ಎಥನಾಲ್ ಬೆರೆತ ಪೆಟ್ರೋಲು ಹಳೆಯ ರಬ್ಬರನ್ನು ತಿನ್ನುತ್ತದೆ. ಯಾರು ಏನೇ ಹೇಳಲಿ, ಪೆಟ್ರೋಲ್ ಪೈಪುಗಳನ್ನು ಮೊದಲ ವಾರವೇ ಬದಲಿಸು.

ಬ್ರೇಕಿನ ವಿಷಯಕ್ಕೆ ನಾನು ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ, ಕೇಳು. ನಾಲ್ಕು ಚಕ್ರಕ್ಕೂ ಡ್ರಮ್ಮು, ನಾಲ್ಕಕ್ಕೂ ಸೇರಿ ಎಣ್ಣೆಯ ಸಾಲು ಒಂದೇ. ಯಾವ ಚಕ್ರದಲ್ಲಿ ಸೋರಿದರೂ ಪೆಡಲ್ ನೆಲ ಮುಟ್ಟುತ್ತದೆ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಟ್ರಾನ್ಸ್‌ಫರ್ ಕೇಸ್ ಹಿಂದಿನ ಶಾಫ್ಟನ್ನು, ಚಕ್ರವನ್ನಲ್ಲ. ನಿಂತ ಗಾಡಿಯನ್ನು ನಿಲ್ಲಿಸಿಡಲಷ್ಟೇ ಅದು. ಕಾಗದದಲ್ಲಿ ಗಂಟೆಗೆ 105 ಕಿಲೋಮೀಟರ್ ಅಂತ ಇದೆ. ನೀನು 60ರಲ್ಲಿ ಹೋಗು. ಚಾರ್ಮಾಡಿ ಇಳಿಯುವಾಗ ಎರಡನೇ ಗೇರ್ ಹಾಕಿ ಎಂಜಿನ್ನಿಗೆ ಹಿಡಿಯಲು ಬಿಡು. ಒಣ ಡಾಂಬರಿನ ಮೇಲೆ ಫೋರ್ ವೀಲ್ ಹಾಕಬೇಡ, ಮುಂದಿನ ಮತ್ತು ಹಿಂದಿನ ಚಕ್ರ ಒಂದನ್ನೊಂದು ತಿರುಚಿ ಗೇರುಗಳನ್ನು ತಿನ್ನುತ್ತವೆ. ಸ್ಟೇರಿಂಗ್ ಎಡಕ್ಕಿದೆ, ಬಸ್ಸು ಹಿಂದಿಕ್ಕುವ ಆಸೆ ಬಂದಾಗ ಅದನ್ನು ನೆನಪಿಸಿಕೋ.

ಇನ್ನು ಕಾಗದ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದು ಅಂತ ಒಂದಿದೆ: ಆಲಿವ್ ಗ್ರೀನ್ ಬಣ್ಣ ರಕ್ಷಣಾ ಇಲಾಖೆಯ ಗಾಡಿಗಳಿಗಷ್ಟೇ. ಅಂದರೆ ಮಾರುವವನು ಅಷ್ಟು ಹೆಮ್ಮೆಯಿಂದ ಹೊಡೆಸಿದ ಬಣ್ಣವೇ ನಿನ್ನನ್ನು ಪೊಲೀಸಿನವರ ಮುಂದೆ ನಿಲ್ಲಿಸಬಹುದು. ಆರ್‌ಸಿಯಲ್ಲಿ ಯಾವ ಬಣ್ಣ ಬರೆದಿದೆ ನೋಡು, ಆರ್‌ಟಿಓದಲ್ಲಿ ವಿಚಾರಿಸದೆ ಅಡ್ವಾನ್ಸ್ ಕೊಡಬೇಡ. 2021ರ ಜುಲೈನಲ್ಲಿ 50 ವರ್ಷ ದಾಟಿದ ವಾಹನಗಳಿಗೆ ವಿಂಟೇಜ್ ನೋಂದಣಿ ಅಂತ ತಂದರು. ನಂಬರಿನಲ್ಲಿ ರಾಜ್ಯದ ಅಕ್ಷರದ ನಂತರ ‘ವಿಎ’ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ನಂಬರಿದ್ದರೆ ರ‍್ಯಾಲಿ, ಪ್ರದರ್ಶನ, ಪೆಟ್ರೋಲು, ರಿಪೇರಿ ಇಂಥದ್ದಕ್ಕಷ್ಟೇ ರಸ್ತೆಗಿಳಿಯಬೇಕು. ದಿನಾ ಸಂತೆಗೆ ಹೋಗುವ ಹಾಗಿಲ್ಲ. ಚಾಸಿ, ಬಾಡಿ, ಎಂಜಿನ್ನನ್ನು ಮಾರ್ಪಡಿಸಿದ್ದರೆ ಅದೂ ಸಿಗುವುದಿಲ್ಲ. ನಿನಗೆ ಬೇಕಿರುವುದು ಓಡಿಸುವ ಗಾಡಿಯೋ, ತೋರಿಸುವ ಗಾಡಿಯೋ? ಇದನ್ನು ಮೊದಲು ತೀರ್ಮಾನಿಸು, ಬೆಲೆಯ ಮಾತು ಆಮೇಲೆ.

‘ರೀಕಂಡೀಷನ್ ಆಗಿದೆ’ ಅನ್ನುವ ಮಾತಿಗೆ ಸರ್ಕಾರವೇ ಬಿದ್ದ ಕತೆ ಇದೆ, ನಿನ್ನ ವಯಸ್ಸಿನವರಿಗೆ ಗೊತ್ತಿರಲಿಕ್ಕಿಲ್ಲ. 1948ರಲ್ಲಿ ಕಾಶ್ಮೀರದಲ್ಲಿ ಯುದ್ಧ. ಸೇನೆಗೆ ತುರ್ತಾಗಿ ಜೀಪು ಬೇಕು. ಲಂಡನ್ನಿನಲ್ಲಿದ್ದ ನಮ್ಮ ಹೈಕಮಿಷನರ್ ವಿ.ಕೆ. ಕೃಷ್ಣ ಮೆನನ್ 2,000 ರೀಕಂಡೀಷನ್ ಜೀಪುಗಳಿಗೆ ಒಪ್ಪಂದ ಮಾಡಿಕೊಂಡರು, ಹಣದ ದೊಡ್ಡ ಪಾಲು ಮುಂಗಡವಾಗಿಯೇ ಹೋಯಿತು. ಬಂದಿಳಿದದ್ದು 155, ಅವೂ ಕೆಲಸಕ್ಕೆ ಬಾರದವು. ಸಂಸತ್ತಿನಲ್ಲಿ ಗದ್ದಲವೋ ಗದ್ದಲ; 1955ರಲ್ಲಿ ಸರ್ಕಾರ ಆ ಕಡತ ಮುಚ್ಚಿತು. ಅವರ ಹಿಂದೆ ಖಜಾನೆ ಇತ್ತು. ನಿನ್ನ ಹಿಂದೆ ಬ್ಯಾಂಕ್ ಸಾಲ ಇದೆ.

ನನಗೆ ನಿಜವಾಗಿ ಹೇಳಬೇಕಾದದ್ದು ಬರ್ಮಾದ ಬಗ್ಗೆ. ಅಲ್ಲಿ ಜೀಪುಗಳು ಕಡಿಮೆ ಕೆಲಸ ಮಾಡಲಿಲ್ಲ. ರಬ್ಬರ್ ಚಕ್ರ ತೆಗೆದು ರೈಲಿನ ಚಕ್ರ ಹಾಕಿ, ಹಳಿಯ ಮೇಲೆ ವ್ಯಾಗನ್ ಎಳೆಸಿದ್ದಾರೆ. ಆದರೆ ನೀನು ನೋಡಿದ ಜೀಪು ಅಲ್ಲಿಗೆ ಹೋಗಿತ್ತು ಅನ್ನಲು ಏನಿದೆ? ಯುದ್ಧ ನಡೆದದ್ದು ಕೆಲವೇ ವರ್ಷ. ಆಮೇಲೆ ಹರಾಜಿನಲ್ಲಿ ಯಾರದೋ ಪಾಲಾಗಿ, ಬಹುಶಃ ಯಾವುದೋ ತೋಟಕ್ಕೆ ಬಂದು, ಹತ್ತಾರು ವರ್ಷ ಕಾಫಿ ಮೂಟೆ, ಗೊಬ್ಬರ, ಹೆರಿಗೆ ನೋವಿನ ಹೆಂಗಸರು, ಹೆಣ ಎಲ್ಲವನ್ನೂ ಹೊತ್ತಿದೆ. ಗೊಬ್ಬರದ ಉಪ್ಪಿಗೆ ನೆಲದ ತಗಡು ತೂತಾಗಿರುತ್ತದೆ, ಟ್ರೈಲರ್ ಎಳೆದೂ ಎಳೆದೂ ಹಿಂದಿನ ಅಡ್ಡಪಟ್ಟಿಗೆ ದಪ್ಪ ಪ್ಲೇಟು ವೆಲ್ಡ್ ಆಗಿರುತ್ತದೆ. ರಿಸ್ಟೋರ್ ಅನ್ನುವ ಹೆಸರಿನಲ್ಲಿ ಇದನ್ನೆಲ್ಲ ಉಜ್ಜಿ ಅಳಿಸಿ, ಕಾಣದ ಯುದ್ಧವೊಂದನ್ನು ಮೇಲೆ ಬಳಿದುಬಿಡುತ್ತಾರೆ. ಅದಕ್ಕೇ ಜಾಸ್ತಿ ಬೆಲೆ ಕೇಳುತ್ತಾರೆ. ನಾನು ಕೊಡುವುದಾದರೆ ಆ ತೋಟದ ಹಳೆಯ ಆರ್‌ಸಿ ಪುಸ್ತಕಕ್ಕೆ, ಒಬ್ಬರಿಂದ ಒಬ್ಬರಿಗೆ ಹೋದ ಹೆಸರುಗಳಿಗೆ ಕೊಡುತ್ತೇನೆ. ನಕ್ಷತ್ರಕ್ಕೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ. ಹಿಂದಿನ ಮಾಲೀಕರು ಬದುಕಿದ್ದರೆ ಹೋಗಿ ಮಾತಾಡಿಸು. ಡ್ರೈವರ್ ಬದುಕಿದ್ದರೆ ಇನ್ನೂ ಒಳ್ಳೆಯದು, ಗಾಡಿಯ ಕಾಯಿಲೆ ಅವನಿಗೆ ಗೊತ್ತಿರುವಷ್ಟು ಮಾಲೀಕನಿಗೆ ಗೊತ್ತಿರುವುದಿಲ್ಲ.

ಭಾನುವಾರ ಹೋಗುವುದಾದರೆ ನಿನ್ನ ಗೆಳೆಯರ ದಂಡು ಕಟ್ಟಿಕೊಂಡು ಹೋಗಬೇಡ, ಅವರು ‘ಸೂಪರ್’ ಅನ್ನುತ್ತಿದ್ದ ಹಾಗೆ ಬೆಲೆ ಏರುತ್ತದೆ. ಒಬ್ಬ ಹಳೆಯ ಜೀಪ್ ಮೆಕ್ಯಾನಿಕ್ ಸಾಕು, ಅವನ ದಿನದ ಕೂಲಿ ಮೊದಲೇ ಕೊಟ್ಟುಬಿಡು. ಟಾರ್ಚ್, ಅಯಸ್ಕಾಂತ, ಪೆನ್ಸಿಲ್, ಬಿಳಿ ಕಾಗದ, ಅಡಿಗೆ ಮಲಗಲು ಒಂದು ಗೋಣಿಚೀಲ ಇಟ್ಟುಕೋ. ಬಿಳಿ ಪ್ಯಾಂಟು ಹಾಕಿಕೊಂಡು ಹೋಗಬೇಡ. ಪೆನ್ಸಿಲ್ ಪ್ರಿಂಟನ್ನು ಅಲ್ಲಿಂದಲೇ ನನಗೆ ಫೋಟೋ ಹೊಡೆದು ಕಳಿಸು, ಸಂಜೆ ಏಳರವರೆಗೂ ನಾನು ಎದ್ದಿರುತ್ತೇನೆ.