ಬೇಡುವುದು ಮತ್ತು ಬೇಡ

2018ರ ಆಗಸ್ಟ್. ಮಡಿಕೇರಿಯ ಪರಿಹಾರ ಕೇಂದ್ರವೊಂದರಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು ನಾನು ಇಂಗ್ಲಿಷಿನಲ್ಲಿ ಪತ್ರ ಬರೆಯುತ್ತಿದ್ದೆ. ಎದುರಿಗೆ ಮಕ್ಕಂದೂರು ಕಡೆಯ ಒಬ್ಬರು ಅಜ್ಜಿ. ಅವರ ಮನೆ, ಎರಡು ಎಕರೆ ಕಾಫಿ, ದನದ ಕೊಟ್ಟಿಗೆ ಎಲ್ಲ ಗುಡ್ಡದ ಜೊತೆ ಜಾರಿ ಹೋಗಿತ್ತು. ದೂರದ ನೆಂಟರಿಗೆ ಗೊತ್ತಿರುವ ಯಾರೋ ವಿದೇಶದಲ್ಲಿದ್ದಾರೆ, ಇಂಗ್ಲಿಷಿನಲ್ಲಿ ಬರೆದರೆ ಸಹಾಯ ಮಾಡುತ್ತಾರೆ ಎಂದು ಸುದ್ದಿ ಬಂದಿತ್ತು. ಬರೆದು ಮುಗಿಸಿದೆ. ಓದಿ ಹೇಳು ಎಂದರು. ಒಂದೊಂದೇ ಸಾಲು ಕನ್ನಡ ಮಾಡುತ್ತಾ ಬಂದೆ. ‘ಬೆಗ್’ ಎಂಬಲ್ಲಿ ತಡೆದರು.

“ಅದು ಏನು?”

“ಬೇಡಿಕೊಳ್ತೇವೆ ಅಂತ, ಅಜ್ಜಿ.”

“ಬೇಡಿಕೊಳ್ಳೋದಾ, ಬೇಡೋದಾ?”

ನಾನು ಒಂದು ಕ್ಷಣ ಸುಮ್ಮನಾದೆ. ಎರಡಕ್ಕೂ ಅದೇ ಪದ ಅಲ್ಲವೇ? ಹೌದೆಂದೆ. “ಹಾಗಾದ್ರೆ ತೆಗಿ ಅದನ್ನ. ದೇವರ ಹತ್ರ ಬೇಡಿಕೊಳ್ತೇವೆ. ಗುರುತಿಲ್ಲದವರ ಹತ್ರ ಕೇಳ್ತೇವೆ, ಅಷ್ಟೇ.”

ಪೆನ್ನಿನಿಂದ ಗೀಚಿ ‘ರಿಕ್ವೆಸ್ಟ್’ ಎಂದು ಬರೆದೆ. ನನ್ನ ಇಂಗ್ಲಿಷ್ ಪಾಠ ನಿಜವಾಗಿ ಶುರುವಾದದ್ದು ಆ ಗೀಚಿನಿಂದ.

ನಾನು ಸುಂಟಿಕೊಪ್ಪದ ಹತ್ತಿರ ಒಂದು ಕಾಫಿ ತೋಟದಲ್ಲಿ ರೈಟರ್. ಕೊಡಗಿನ ಹೊರಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗುತ್ತದೆ: ರೈಟರ್ ಎಂದರೆ ಸಾಹಿತಿ ಅಲ್ಲ, ತೋಟದ ಗುಮಾಸ್ತ. ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ ಪುಸ್ತಕ, ಬರೆಯುವುದು, ಶನಿವಾರ ಬಟವಾಡೆ ಮಾಡುವುದು, ಕಣದಿಂದ ಎಷ್ಟು ಮೂಟೆ ಹೊರಟಿತು ಎಂದು ನೋಡುವುದು, ಸಾವುಕಾರರ, ಅಂದರೆ ತೋಟದ ಮಾಲೀಕರ, ಪತ್ರಗಳನ್ನು ಟೈಪ್ ಮಾಡುವುದು. ಪಿಯುಸಿವರೆಗೆ ಕನ್ನಡ ಮಾಧ್ಯಮ. ನನ್ನ ಇಂಗ್ಲಿಷ್ ಬಂದದ್ದು ತೋಟದ ಹಳೆಯ ಫೈಲುಗಳಿಂದ. ಅಲ್ಲಿನ ಅರ್ಜಿಗಳೆಲ್ಲ ಬ್ರಿಟಿಷರ ಕಾಲದ ಮೊಣಕಾಲೂರಿದ ಇಂಗ್ಲಿಷು. ಇಲಾಖೆಗೆ ಒಂದು ಸಾಲು ತಿಳಿಸಬೇಕಾದರೂ ‘ಐ ಬೆಗ್ ಟು ಸ್ಟೇಟ್’. ಅದನ್ನೇ ಸಭ್ಯತೆ ಎಂದುಕೊಂಡು ಹದಿನೈದು ವರ್ಷ ಬರೆದಿದ್ದೆ.

ಅಜ್ಜಿಯ ಪ್ರಶ್ನೆಯ ನಂತರ ಒಂದು ಹಳೆಯ ಚೆಕ್‌ರೋಲ್ ಪುಸ್ತಕದ ಹಿಂದಿನ ಖಾಲಿ ಪುಟಗಳಲ್ಲಿ ಪದ ಬರೆದಿಡತೊಡಗಿದೆ. ಮೊದಲು ಎಲ್ಲರಂತೆ ಪದದ ಎದುರು ಅರ್ಥ ಬರೆದೆ. ಮೈಸೂರು ವಿಶ್ವವಿದ್ಯಾನಿಲಯದ ಇಂಗ್ಲಿಷ್–ಕನ್ನಡ ನಿಘಂಟು ತೋಟದ ಆಫೀಸಿನಲ್ಲಿತ್ತು. ಪ್ಲೀಡ್, ಇಂಪ್ಲೋರ್, ಎಂಟ್ರೀಟ್, ಬಿಸೀಚ್ ನಾಲ್ಕನ್ನೂ ಹುಡುಕಿದೆ. ಬೇಡಿಕೊ, ಅಂಗಲಾಚು, ಮೊರೆಯಿಡು ಎಂದು ಅವೇ ಪದಗಳು ಹಿಂದುಮುಂದಾಗಿ ಬಂದವು. ಅರ್ಥದಿಂದ ದಾರಿ ಸಿಗುವುದಿಲ್ಲ ಎಂದು ಗೊತ್ತಾದದ್ದು ಆಗ. ಚೆಕ್‌ರೋಲಿನ ಕಾಲಂಗಳನ್ನೇ ಬಳಸಿದೆ: ಯಾರು ಹೇಳುತ್ತಾರೆ, ಯಾರಿಗೆ, ವಸ್ತು ಯಾರದ್ದು.

ಆಗ ಪದಗಳು ತಾವಾಗಿ ಬೇರೆಬೇರೆ ಕೂತವು. ‘ಬೆಗ್’ ಎಂದವನ ಕೈ ಕೆಳಗಿರುತ್ತದೆ. ‘ಪ್ಲೀಡ್’ ಎಂದವನ ಹತ್ತಿರ ಒಂದು ವಾದ ಇರುತ್ತದೆ. ನಮ್ಮ ಹಿರಿಯರು ವಕೀಲರನ್ನು ಪ್ಲೀಡರ್ ಎನ್ನುತ್ತಿದ್ದುದು ಸುಮ್ಮನೆ ಅಲ್ಲ. ‘ಇಂಪ್ಲೋರ್’ ಕಣ್ಣೀರಿನದು, ಪ್ರಾಣಸಂಕಟದ್ದು. ಕಾಡಾನೆ ನುಗ್ಗಿ ಹದಿನಾಲ್ಕು ಬಾಳೆಗಿಡ ಮುರಿದದ್ದಕ್ಕೆ ಪರಿಹಾರ ಕೇಳುವ ಅರ್ಜಿಯಲ್ಲಿ ನಾನು ಒಮ್ಮೆ ಅದನ್ನು ಬರೆದಿದ್ದೆ. ಓದಿದ ಅಧಿಕಾರಿ ಕನ್ನಡಕ ತೆಗೆದು ನನ್ನ ಮುಖ ನೋಡಿದ್ದರು. ‘ಎಂಟ್ರೀಟ್’ ಸ್ವಲ್ಪ ತಣ್ಣಗಿನದು, ಮನವೊಲಿಸುವಂಥದು. ‘ಬಿಸೀಚ್’ ಈಗ ಇಗರ್ಜಿಯ ಪ್ರಾರ್ಥನೆಯಲ್ಲಿ ಮತ್ತು ನಮ್ಮ ಹಳೆಯ ಫೈಲುಗಳಲ್ಲಿ ಉಳಿದಿದೆ. ಅದನ್ನು ಅಲ್ಲೇ ಬಿಟ್ಟೆ.

ಕನ್ನಡದಲ್ಲಿ ಯಾರು ಮೇಲೆ ಯಾರು ಕೆಳಗೆ ಎಂಬುದನ್ನು ಹೆಚ್ಚಾಗಿ ಕ್ರಿಯಾಪದದ ಬಾಲದಲ್ಲಿ ಇಡುತ್ತೇವೆ. ಕೊಡು, ಕೊಡಿ, ಕೊಡ್ತೀರಾ, ಕೊಟ್ಟರೆ ಉಪಕಾರ ಆಗ್ತದೆ. ಒಂದೇ ಬೇರು. ಇಂಗ್ಲಿಷಿನವರು ಬೇರನ್ನೇ ಬದಲಾಯಿಸುತ್ತಾರೆ. ಹಾಗಾಗಿ ಪದ ತಪ್ಪಿದರೆ ಮಾತು ಒರಟಾಗುವುದಷ್ಟೇ ಅಲ್ಲ, ನಾವು ನಿಂತ ಜಾಗವೇ ತಪ್ಪಾಗುತ್ತದೆ.

ನಿರಾಕರಣೆಯಲ್ಲಿ ನಾನು ಇನ್ನೂ ದೊಡ್ಡ ಪೆಟ್ಟು ತಿಂದೆ. ತೋಟದಲ್ಲಿ ‘ಬೇಡ’ಕ್ಕೆ ಬರವಿಲ್ಲ. ಮನೆಯಲ್ಲಿ ನಾವು ಅರೆಭಾಷೆಯವರು, ‘ಬೊಡ’ ಎನ್ನುತ್ತೇವೆ. ತುಳುವಿನವರು ‘ಬೊಡ್ಚಿ’, ಕಾರ್ಮಿಕರ ಲೈನ್ ಮನೆಯ ಮಲಯಾಳಂನವರು ‘ವೇಂಡ’, ತಮಿಳಿನವರು ‘ವೇಂಡಾಂ’. ಹೀಗೆ ಬೇಡ ಎನ್ನಲು ಹತ್ತು ನಾಲಿಗೆ ಇದ್ದೂ, ದೊಡ್ಡವರ ಎದುರು ನಾವು ಯಾರೂ ಬೇಡ ಎನ್ನುವುದೇ ಇಲ್ಲ. ‘ನೋಡುವಾ’ ಎನ್ನುತ್ತೇವೆ. ಕೊಡಗಿನಲ್ಲಿ ‘ನೋಡುವಾ’ ಎಂದರೆ ಆಗುವುದಿಲ್ಲ ಎಂದೇ ಅರ್ಥ, ಕೇಳಿದವರಿಗೂ ಅದು ಗೊತ್ತು. ಇಂಗ್ಲಿಷಿನಲ್ಲಿ ಈ ‘ನೋಡುವಾ’ ನಡೆಯುವುದಿಲ್ಲ. ‘ವಿ ವಿಲ್ ಸೀ’ ಎಂದು ಬರೆದರೆ ಅವರು ನಿಜವಾಗಿ ಕಾಯುತ್ತಾ ಕೂರುತ್ತಾರೆ.

ಒಮ್ಮೆ ಹೊರದೇಶದ ಕಾಫಿ ಖರೀದಿದಾರರೊಬ್ಬರು ನಮ್ಮ ಅರೇಬಿಕಾ ಪಾರ್ಚ್‌ಮೆಂಟ್ ಕಾಫಿಗೆ ಒಂದು ದರ ಹೇಳಿ ಇ-ಮೇಲ್ ಕಳಿಸಿದ್ದರು. ದರ ಕಡಿಮೆ. “ಈ ಸಲ ಆಗೋದಿಲ್ಲ ಅಂತ ಬರಿ” ಎಂದರು ಸಾವುಕಾರರು. ನಾನು ‘ವಿ ರಿಜೆಕ್ಟ್ ಯುವರ್ ಆಫರ್’ ಎಂದು ಬರೆದು ಕಳಿಸಿದೆ. ಮತ್ತೆ ಅವರಿಂದ ಉತ್ತರ ಬರಲಿಲ್ಲ, ಮುಂದಿನ ವರ್ಷವೂ ಬರಲಿಲ್ಲ. ಬೆಂಗಳೂರಿನಲ್ಲಿ ಓದುತ್ತಿದ್ದ ಸಾವುಕಾರರ ಮಗ ರಜೆಗೆ ಬಂದವನು ಅದನ್ನು ನೋಡಿ ತಲೆಗೆ ಕೈಯಿಟ್ಟುಕೊಂಡ. “ಅಕ್ಕಾ, ರಿಜೆಕ್ಟ್ ಅಂದ್ರೆ ಕರಿಬೀನ್ಸು ಆರಿಸಿ ಬಿಸಾಡಿದ ಹಾಗೆ. ಡಿಕ್ಲೈನ್ ಅಂದಿದ್ರೆ ಮರ್ಯಾದೆಯಾಗಿ ಬೇಡ ಅಂದ ಹಾಗೆ.” ಕಾಫಿ ಕ್ಯೂರಿಂಗ್ ವರ್ಕ್ಸಿನಿಂದ ಬರುವ ಪಟ್ಟಿಯ ‘ರಿಜೆಕ್ಷನ್’ ಎಂಬ ಕಾಲಂ ಅನ್ನು ನಾನು ಪ್ರತಿ ವರ್ಷ ನಮ್ಮ ಲೆಕ್ಕಕ್ಕೆ ಇಳಿಸುತ್ತಿದ್ದೆ. ಪದ ಕೈಯಲ್ಲೇ ಇತ್ತು, ಕಂಡಿರಲಿಲ್ಲ.

ಪುಸ್ತಕದಲ್ಲಿ ಬರೆದೆ: ಡಿಕ್ಲೈನ್, ಬಾಗಿಲು ತೆರೆದಿಟ್ಟು ಬೇಡ ಎನ್ನುವುದು. ರೆಫ್ಯೂಸ್, ಬಾಗಿಲಿಗೆ ಅಡ್ಡ ನಿಲ್ಲುವುದು. ರಿಜೆಕ್ಟ್, ವಸ್ತುವೇ ಸರಿಯಿಲ್ಲ ಎನ್ನುವುದು. ಸ್ಪರ್ನ್, ಕಾಲಿನಿಂದ ಸರಿಸುವುದು. ವ್ಯಾಕರಣವೂ ಒಂದು ಗುಟ್ಟು ಹೇಳಿತು. ರೆಫ್ಯೂಸ್, ಡಿಕ್ಲೈನ್ ಎರಡರ ಮುಂದೆಯೂ ಇನ್ನೊಂದು ಕ್ರಿಯೆ ಇಡಬಹುದು: ಹೋಗಲು ಒಪ್ಪಲಿಲ್ಲ, ಮಾತಾಡಲು ಒಪ್ಪಲಿಲ್ಲ. ರಿಜೆಕ್ಟ್‌ಗೆ ಒಂದು ವಸ್ತುವೇ ಬೇಕು, ಇಲ್ಲದಿದ್ದರೆ ವಾಕ್ಯ ನಿಲ್ಲುವುದಿಲ್ಲ.

ಈ ವ್ಯತ್ಯಾಸಕ್ಕೆ ಉದಾಹರಣೆ ಹುಡುಕಿ ಲಂಡನ್ನಿಗೆ ಹೋಗಬೇಕಾಗಿರಲಿಲ್ಲ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಕಥೆ ಕೊಡಗಿನ ಮಕ್ಕಳಿಗೆಲ್ಲ ಗೊತ್ತು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದಲ್ಲಿ ಸೆರೆಯಾದರು. ಅಲ್ಲಿನ ಅಧ್ಯಕ್ಷ ಅಯೂಬ್ ಖಾನ್ ಒಂದು ಕಾಲದಲ್ಲಿ ಕಾರ್ಯಪ್ಪನವರ ಕೈಕೆಳಗೆ ಕೆಲಸ ಮಾಡಿದವರು. ಮಗನನ್ನು ಬಿಟ್ಟು ಕಳಿಸುತ್ತೇನೆ ಎಂದು ಹೇಳಿ ಕಳಿಸಿದರು. ಸೆರೆಯಲ್ಲಿರುವವರೆಲ್ಲ ನನ್ನ ಮಕ್ಕಳೇ, ಎಲ್ಲರನ್ನೂ ಚೆನ್ನಾಗಿ ನೋಡಿಕೊಳ್ಳಿ, ಇವನೊಬ್ಬನಿಗೆ ವಿಶೇಷ ಬೇಡ ಎಂಬರ್ಥದ ಉತ್ತರ ಹೋಯಿತು. ಇದು ಡಿಕ್ಲೈನ್. ಸಿಟ್ಟಿಲ್ಲ, ಆದರೆ ಕದಲುವುದೂ ಇಲ್ಲ.

ರೆಫ್ಯೂಸ್‌ಗೆ ಜನರಲ್ ತಿಮ್ಮಯ್ಯನವರ ಹತ್ತಿರ ಹೋಗಬೇಕು. ಮಡಿಕೇರಿಯ ಅವರ ಮನೆ ‘ಸನ್ನಿಸೈಡ್’, ಹಿಂದೆ ಆರ್‌ಟಿಒ ಕಚೇರಿ ಇದ್ದ ಕಟ್ಟಡ, 2021ರಲ್ಲಿ ಮ್ಯೂಸಿಯಂ ಆಯಿತು. ಅದನ್ನು ನೋಡಿ ಬಂದ ಮೇಲೆ ಕೊರಿಯಾ ಯುದ್ಧದ ಬಗ್ಗೆ ಹುಡುಕಿ ಓದಿದೆ. 1953ರಲ್ಲಿ ಯುದ್ಧ ನಿಂತಾಗ 22 ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾದ ಸೆರೆಯಾಳುಗಳು ಊರಿಗೆ ಮರಳಲು ಒಪ್ಪಲಿಲ್ಲ. ಅವರನ್ನು ನೋಡಿಕೊಂಡ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರೇ ಅಧ್ಯಕ್ಷರು. ಅವರವರ ದೇಶದವರು ಬಂದು ಡೇರೆಯಲ್ಲಿ ಕೂರಿಸಿ, ಬನ್ನಿ, ಮನೆಯವರು ಕಾಯುತ್ತಿದ್ದಾರೆ ಎಂದು ಹೇಳುವುದು. ಅವರಲ್ಲಿ ಹೆಚ್ಚಿನವರು ಬರುವುದಿಲ್ಲ ಎನ್ನುವುದು. ಕೈದಿಯ ಹತ್ತಿರ ಬೇರೇನೂ ಉಳಿದಿರುವುದಿಲ್ಲ, ಆ ಒಂದು ‘ಇಲ್ಲ’ ಮಾತ್ರ. ಡಿಕ್ಲೈನ್ ಮಾಡುವಷ್ಟು ಅನುಕೂಲ ಅವನಿಗೆಲ್ಲಿ?

ತಿಮ್ಮಯ್ಯನವರಿಂದ ಇನ್ನೊಂದು ಪದವೂ ಸಿಕ್ಕಿತು. 1959ರಲ್ಲಿ, ಸೇನೆಯ ಮುಖ್ಯಸ್ಥರಾಗಿದ್ದಾಗ, ರಕ್ಷಣಾ ಸಚಿವ ಕೃಷ್ಣ ಮೆನನ್ ಜೊತೆ ಸರಿಬರದೆ ರಾಜೀನಾಮೆ ಕೊಟ್ಟರು, ನೆಹರೂ ಮಾತಿನ ಮೇಲೆ ವಾಪಸ್ ಪಡೆದರು. ಇಂಗ್ಲಿಷಿನಲ್ಲಿ ಇದಕ್ಕೆ ರಾಜೀನಾಮೆ ‘ಟೆಂಡರ್’ ಮಾಡುವುದು ಎನ್ನುತ್ತಾರೆ. ನನಗೆ ಟೆಂಡರ್ ಎಂದರೆ ಪಂಚಾಯಿತಿಯ ರಸ್ತೆ ಕಾಮಗಾರಿ, ಇಲ್ಲವೇ ಹೋಟೆಲ್ ಬೋರ್ಡಿನ ಎಳನೀರು. ಎಳನೀರಿನ ಟೆಂಡರ್ ಬೇರೆ, ಅದು ಎಳೆಯದು. ಉಳಿದೆರಡರಲ್ಲೂ ಅರ್ಥ ಒಂದೇ: ಮುಂದೆ ಚಾಚುವುದು. ಎದುರಿನವರು ತೆಗೆದುಕೊಳ್ಳುವವರೆಗೆ ಅದು ಇನ್ನೂ ನಮ್ಮ ಕೈಯಲ್ಲೇ ಇರುತ್ತದೆ, ಹಿಂದಕ್ಕೆ ಎಳೆದುಕೊಳ್ಳಬಹುದು. ಇದು ತಿಳಿದ ಮೇಲೆ ಆ ಹಳೆಯ ಸುದ್ದಿ ನನಗೆ ಬೇರೆಯಾಗಿ ಕಂಡಿತು.

ಬಿಟ್ಟುಕೊಡುವ ಪದಗಳು ನನ್ನನ್ನು ಹೆಚ್ಚು ಕಾಡಿದವು. ಅರ್ಧ ಪುಸ್ತಕ ಅವೇ. ‘ವೇವ್’ನಲ್ಲಿ ಒಂದು ಐ ಅಕ್ಷರ ಬಿಟ್ಟು, ಸಾಲದ ಬಡ್ಡಿ ಮನ್ನಾ ಮಾಡಿ ಎನ್ನುವ ಬದಲು ಬಡ್ಡಿಗೆ ಕೈ ಬೀಸಿ ಎಂದು ಬರೆದಿದ್ದೂ ಆಯಿತು. ‘ಗಿವ್ ಅಪ್’ ಎಂದರೆ ನಮ್ಮ ಶಕ್ತಿಯೇ ಮುಗಿಯಿತು. ‘ಗಿವ್ ಇನ್’ ಎಂದರೆ ಎದುರಿನವರ ಒತ್ತಾಯ ಗೆದ್ದಿತು. ಪುತ್ತರಿ ಹಬ್ಬಕ್ಕೆ ಕೊಡವರ ಮನೆಗೆ ಹೋಗಿ ಮೂರನೇ ಸಲ ಕಡಂಬಿಟ್ಟು ಹಾಕಿಸಿಕೊಳ್ಳುವುದು ಗಿವ್ ಇನ್. ಅದಕ್ಕಿಂತ ಒಳ್ಳೆಯ ವ್ಯಾಖ್ಯೆ ನನಗೆ ಸಿಕ್ಕಿಲ್ಲ. ಇನ್ನು ‘ಯೀಲ್ಡ್’. ಎಕರೆಗೆ ಎಷ್ಟು ಯೀಲ್ಡ್ ಎಂದು ದಿನಾ ಬರೆಯುವ ನನಗೆ, ಅದೇ ಪದಕ್ಕೆ ಮಣಿಯುವುದು, ದಾರಿ ಬಿಡುವುದು ಎಂಬ ಅರ್ಥವೂ ಇದೆ ಎಂದು ತಿಳಿದಾಗ ನಂಬಲಾಗಲಿಲ್ಲ. ರೋಬಸ್ಟಾ ಗಿಡದ ರೆಂಬೆ ಕಾಯಿಯ ಭಾರಕ್ಕೆ ನೆಲ ಮುಟ್ಟುವುದನ್ನು ನೋಡಿದವರಿಗೆ ಅದು ಅಷ್ಟು ವಿಚಿತ್ರವಲ್ಲವೇನೋ.

‘ಸರೆಂಡರ್’ ಎಂದರೆ ಸರ್ಕಾರಿ ನೌಕರರಿಗೆ ಉಳಿದ ರಜೆ ಬಿಟ್ಟುಕೊಟ್ಟು ದುಡ್ಡು ತೆಗೆದುಕೊಳ್ಳುವುದು. ಸರೆಂಡರ್ ಲೀವ್ ಎಂಬುದು ಅವರಿಗೆ ಸಂತೋಷದ ಪದ. ಆದರೆ ಪಕ್ಕದ ತೋಟದ ಹವಾಲ್ದಾರ್ ಅಜ್ಜನಿಗೆ ಅದು ಹಾಗಲ್ಲ. ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಕೋವಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಮನೆಗಳು ಅವು. ಒಂದು ಚುನಾವಣೆಯ ಹೊತ್ತಿಗೆ ಕೋವಿಯನ್ನು ಠಾಣೆಯಲ್ಲಿಡುವ ವಿಷಯಕ್ಕೆ ಅಜ್ಜನಿಗೆ ಒಂದು ಪತ್ರ ಬೇಕಾಯಿತು. ನಾನು ‘ಸರೆಂಡರ್’ ಎಂದು ಹಾಕಿದ್ದೆ. ಅಜ್ಜ ಕಾಗದ ಹಿಂದಕ್ಕೆ ತಳ್ಳಿದರು. “ಡೆಪಾಸಿಟ್ ಅಂತ ಬರಿ. ಇಟ್ಟು ಬರ್ತೇನೆ, ಮತ್ತೆ ತರ್ತೇನೆ. ಸರೆಂಡರ್ ಆದದ್ದು ರಾಜ, ನಾವಲ್ಲ.”

ಆ ರಾಜ ಕೊಡಗಿನ ಚಿಕವೀರರಾಜೇಂದ್ರ. 1834ರ ಏಪ್ರಿಲಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯಕ್ಕೆ ಶರಣಾದ. ಮೇ ತಿಂಗಳಲ್ಲಿ ಹೊರಟ ಘೋಷಣೆಯನ್ನು ಪದ ಕಲಿತ ಕಣ್ಣಿನಿಂದ ಓದಿದರೆ ಅದರ ಚಾಲಾಕಿ ತಿಳಿಯುತ್ತದೆ. ಕಂಪನಿ ಕೊಡಗನ್ನು ಗೆದ್ದಿತು, ಕಿತ್ತುಕೊಂಡಿತು ಎಂಬ ಧಾಟಿಯೇ ಇಲ್ಲ. ಕೊಡಗಿನ ಜನ ಒಮ್ಮತದಿಂದ ಬ್ರಿಟಿಷರ ರಕ್ಷಣೆ ಬಯಸಿದರು, ಸರ್ಕಾರ ಅದಕ್ಕೆ ಒಪ್ಪಿತು ಎಂಬ ಧಾಟಿ. ಗೆದ್ದವನು ಕೇಳಿಸಿಕೊಂಡವನಾದ, ಸೋತವರು ಕೇಳಿಕೊಂಡವರಾದರು. ಮೂರೇ ವರ್ಷಕ್ಕೆ ಬ್ರಿಟಿಷರ ವಿರುದ್ಧ ಅಮರ ಸುಳ್ಯದ ದಂಗೆ ಎದ್ದಿತು. ಅದರ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿದರು. ಒಮ್ಮತದ ಬಯಕೆ ಎಷ್ಟಿತ್ತು ಎಂಬುದು ಅಲ್ಲಿ ತಿಳಿಯಿತು. ರಾಜನಾದರೋ ಕಾಶಿಯಲ್ಲಿ ವರ್ಷಗಟ್ಟಲೆ ಇದ್ದು, 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. ವಿಕ್ಟೋರಿಯಾ ರಾಣಿ ಮಗಳಿಗೆ ಧರ್ಮಮಾತೆಯಾದಳು. ಅಪ್ಪ ತನ್ನ ಹಣಕ್ಕಾಗಿ ಅಲ್ಲಿನ ನ್ಯಾಯಾಲಯದಲ್ಲಿ ಕಂಪನಿಯ ಮೇಲೆ ದಾವೆ ಹೂಡಿದ. 1859ರಲ್ಲಿ ಅಲ್ಲೇ ತೀರಿಕೊಂಡ. ಕತ್ತಿ ಒಪ್ಪಿಸಿದವನು ಪ್ಲೀಡ್ ಮಾಡಲು ಕಲಿತಿದ್ದ, ಬೆಗ್ ಮಾಡಲಿಲ್ಲ. ಕ್ರೂರಿ ಎಂದು ಹೆಸರಾದ ಆ ರಾಜನ ಮೇಲೆ ನನಗೆ ಹುಟ್ಟಿದ ಒಂದೇ ಒಂದು ಮರುಕ ಇದು.

ಕೊನೆಯ ಪದ ‘ರೆಲಿಂಕ್ವಿಶ್’. ಅದು ಯಾವ ನಿಘಂಟಿನಿಂದಲೂ ಬಂದದ್ದಲ್ಲ, ನಮ್ಮ ಮನೆಯ ಟ್ರಂಕಿನಿಂದ ಬಂತು.

ಅಪ್ಪ ತೀರಿಕೊಂಡ ಮೇಲೆ 2012ರಲ್ಲಿ ನಾನು ಮತ್ತು ತಂಗಿ ಒಂದು ಕಾಗದಕ್ಕೆ ಸೈನ್ ಹಾಕಿದ್ದೆವು. ಹಕ್ಕು ಬಿಡುಗಡೆ ಪತ್ರ. ಅಣ್ಣನ ಹೆಸರಿಗೆ ತೋಟದ ಸಾಲ ಆಗಬೇಕು, ಹೆಣ್ಣುಮಕ್ಕಳದ್ದು ಒಂದು ಸೈನ್ ಬೇಕು ಎಂದಿದ್ದರು. ಇನ್ನೊಬ್ಬರಿಗೆ ನೂರು ಕಾಗದ ಓದಿ ಹೇಳುವ ರೈಟರ್ ತನ್ನ ಕಾಗದ ಓದಲಿಲ್ಲ. ಅಣ್ಣ ಒತ್ತಾಯ ಮಾಡಲಿಲ್ಲ, ನಾನು ತಕರಾರು ಮಾಡಲಿಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ಟ್ರಂಕು ಬಿಸಿಲಿಗಿಟ್ಟಾಗ ವಕೀಲರು ಬರೆದಿದ್ದ ಇಂಗ್ಲಿಷ್ ಕರಡು ಸಿಕ್ಕಿತು. ಪ್ರೀತಿ ವಿಶ್ವಾಸದಿಂದ, ಯಾವ ಪ್ರತಿಫಲವೂ ಇಲ್ಲದೆ, ಸ್ವಂತ ಇಚ್ಛೆಯಿಂದ ‘ರೆಲಿಂಕ್ವಿಶ್’ ಮಾಡಿದ್ದೇನೆ ಎಂದಿತ್ತು.

ಚೆಕ್‌ರೋಲ್ ಪುಸ್ತಕ ತೆಗೆದು ಮೂರು ಕಾಲಂ ತುಂಬಲು ಕೂತೆ. ಯಾರು ಹೇಳಿದ್ದು: ನಾನು. ಯಾರಿಗೆ: ಅಣ್ಣನಿಗೆ. ವಸ್ತು ಯಾರದ್ದು? ಅಲ್ಲಿ ಪೆನ್ನು ನಿಂತಿತು. ರೆಲಿಂಕ್ವಿಶ್ ಮಾಡಬೇಕಾದರೆ ಅದು ಮೊದಲು ನಮ್ಮದಾಗಿರಬೇಕು. ಇಲ್ಲದ್ದನ್ನು ಬಿಟ್ಟುಕೊಡಲು ಬರುವುದಿಲ್ಲ. ಕರ್ನಾಟಕದಲ್ಲಿ 1994ರಿಂದಲೇ, ಇಡೀ ದೇಶದಲ್ಲಿ 2005ರಿಂದ, ಹೆಣ್ಣುಮಕ್ಕಳಿಗೂ ಹುಟ್ಟಿನಿಂದ ಪಾಲಿದೆ ಎಂದು ನಾನೇ ಎಷ್ಟು ಜನರಿಗೆ ಹೇಳಿದ್ದೆ. ನನ್ನದೊಂದು ಪಾಲು ಇತ್ತು, ಅದು ನನ್ನ ಕೈಯಿಂದ ಹೋಯಿತು ಎಂಬುದು ಆ ಒಂದು ಕ್ರಿಯಾಪದ ಓದುವವರೆಗೆ ನನಗೆ ಹೊಳೆದಿರಲಿಲ್ಲ. ‘ನನ್ನದು’ ಎಂದು ಬರೆದೆ.

ಅಣ್ಣ ಪ್ರತಿ ವರ್ಷ ಮಾರ್ಚ್ ಕಳೆದ ಮೇಲೆ ಕರಿಮೆಣಸು ತಂದು ಕೊಡುತ್ತಾನೆ. ಈ ಸಲವೂ ಬಂದ. “ಯಾಕಣ್ಣ, ಬೊಡ” ಎಂದೆ, ವಾಡಿಕೆಯಂತೆ. “ಬೊಡ ಅನ್ನಬೇಡ, ನಿನಗೆ ಅಂತಲೇ ತೆಗೆದಿಟ್ಟದ್ದು” ಎಂದ, ಅದೂ ವಾಡಿಕೆಯಂತೆ. ಕಾಫಿ ಕುಡಿದು ಹೋದ. ಅವನು ಹೋದ ಮೇಲೆ ಚೀಲವನ್ನು ತಕ್ಕಡಿಗಿಟ್ಟೆ. ಆರು ಕೆಜಿ ಇನ್ನೂರು ಗ್ರಾಂ. ಅಪ್ಪನ ಒಟ್ಟು ತೋಟ, ಅದರಲ್ಲಿ ಮೂರನೇ ಒಂದು ಪಾಲು, ಬಳ್ಳಿ ಎಷ್ಟು, ಬಳ್ಳಿಗೆ ಎಷ್ಟು ಯೀಲ್ಡ್ ಎಂದು ಪುಸ್ತಕದ ಕೊನೆಯ ಪುಟದಲ್ಲಿ ಲೆಕ್ಕ ಹಾಕಿದೆ. ರೈಟರ್ ಅಲ್ಲವೇ. ಲೆಕ್ಕ ಮುಗಿದ ಮೇಲೆ ಮೆಣಸನ್ನು ಇನ್ನೊಂದು ದಿನ ಬಿಸಿಲಿಗೆ ಹರವಿದೆ, ಸ್ವಲ್ಪ ಹಸಿ ಇತ್ತು.