ಮರ, ನಾಟ, ಚೌಬೀನೆ

ಮೂಡಿಗೆರೆ, ಕಳಸದ ಕಾಫಿ ತೋಟದಲ್ಲಿ ನೆರಳು ಕೊಡುವುದೂ ಮರ, ಬಾಗಿಲಿಗೆ ಬಳಸುವುದೂ ಮರ. ವ್ಯಾಪಾರದಲ್ಲಿ ಮಾತ್ರ ತೊಲೆ, ಹಲಗೆಗೆ ಒದಗುವುದು ನಾಟ. ಒಲೆಗೆ ಹೋಗುವುದು ಸೌದೆ. ಸರ್ಕಾರಿ ಕಾಗದದಲ್ಲಿ ನಾಟಕ್ಕೆ ಚೌಬೀನೆ ಎನ್ನುತ್ತಾರೆ.

ಕಾನೂನಿನ ಅರ್ಥ ಇನ್ನೂ ವಿಶಾಲ. 1963ರ ಕರ್ನಾಟಕ ಅರಣ್ಯ ಕಾಯಿದೆಯಂತೆ ಕಡಿದ ಮರವಷ್ಟೇ ಅಲ್ಲ, ತಾನಾಗಿ ಬಿದ್ದ ಮರವೂ ಚೌಬೀನೆಯೇ. ಆದುದರಿಂದ ಮಳೆಗಾಲದ ಗಾಳಿಗೆ ಬೀಟೆ ಮರ ಉರುಳಿದರೆ, "ನಾವೇನೂ ಕಡಿದಿಲ್ಲ" ಎಂದು ಲಾರಿಗೆ ತುಂಬಬಾರದು. ಮೊದಲು ವಲಯ ಅರಣ್ಯಾಧಿಕಾರಿಗೆ ತಿಳಿಸಿ, ರಹದಾರಿ ಪಡೆಯಿರಿ. ರಹದಾರಿ ಇಲ್ಲದಿದ್ದರೆ ನಾಟವೂ ಲಾರಿಯೂ ಜಪ್ತಿಯಾಗಬಹುದು.

ಸಿಲ್ವರ್ ಓಕ್ ಕಡಿಯಲು 1976ರ ಮರಗಳ ಸಂರಕ್ಷಣಾ ಕಾಯಿದೆಯಲ್ಲಿ ವಿನಾಯಿತಿ ಇದೆ. ಈ ವಿನಾಯಿತಿ ತೋಟದ ಎಲ್ಲ ಮರಗಳಿಗೂ ಅನ್ವಯಿಸದು. ಕೊಡಲಿ ಎತ್ತುವ ಮುನ್ನ ಮರದ ಜಾತಿ ನೋಡಿ. ಸಾಗಿಸುವ ಮುನ್ನ ನಿಯಮ ವಿಚಾರಿಸಿ.